ವಾರ್ಡ್ ಗಡಿ ಬದಲಾದರೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ಮೈಸೂರು ಮಹಾನಗರ ಪಾಲಿಕೆಯ ವಾರ್ಡ್ ಮರುವಿಂಗಡಣೆಯ ಕರಡು ಪ್ರಕಟವಾದರೆ ಆಕ್ಷೇಪಣೆಗೆ ಸಿಗುವ ಕಾಲ ಕಡಿಮೆ. ಸಾಮಾನ್ಯವಾಗಿ 7 ದಿನ ಅಥವಾ 15 ದಿನ. ಆದ್ದರಿಂದ ಮೊದಲು ನಗರಾಭಿವೃದ್ಧಿ ಇಲಾಖೆಯ ಕರಡು ಅಧಿಸೂಚನೆಯನ್ನೇ ರಾಜ್ಯಪತ್ರದಿಂದ ತೆಗೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ನಕ್ಷೆಯನ್ನು ನಂಬಿ ಕೂರಬೇಡಿ. ಕೊನೆಯ ದಿನ ಯಾವುದು, ಅರ್ಜಿ ಯಾವ ಕಚೇರಿಗೆ ಹೋಗಬೇಕು ಎಂಬುದು ಅಧಿಸೂಚನೆಯಲ್ಲೇ ಇರುತ್ತದೆ.

ನಂತರ ಅಧಿಸೂಚನೆಯ ಜತೆಗಿರುವ ಅನುಸೂಚಿ (ವಾರ್ಡುಗಳ ವಿವರಪಟ್ಟಿ) ನೋಡಿ. ಪ್ರತಿ ವಾರ್ಡಿನ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮದ ಗಡಿಗಳನ್ನು ಅಲ್ಲಿ ಮಾತಿನಲ್ಲಿ ವಿವರಿಸಿರುತ್ತಾರೆ. ಒಂದು ಪ್ರತಿ ಕೈಯಲ್ಲಿ ಹಿಡಿದು ಆ ಗಡಿಯುದ್ದಕ್ಕೂ ನಡೆಯಿರಿ. ತಪ್ಪುಗಳು ಸಿಗುವುದು ಇಲ್ಲಿಯೇ: ಹೆಸರು ಬದಲಾದ ಅಡ್ಡರಸ್ತೆ, ಎರಡು ವಾರ್ಡುಗಳಲ್ಲೂ ಕಾಣಿಸುವ ಬೀದಿ, ಯಾವ ವಾರ್ಡಿಗೂ ಸೇರದೆ ಬಿಟ್ಟುಹೋದ ಮನೆಸಾಲು, ಹೊರಟಲ್ಲಿಗೆ ಬಂದು ಕೂಡದ ಗಡಿರೇಖೆ. ಇಂಥ ತಪ್ಪನ್ನು ತಳ್ಳಿಹಾಕುವುದು ಅಧಿಕಾರಿಗಳಿಗೆ ಕಷ್ಟ.

ಮುಂದಿನದು ಲೆಕ್ಕ: ವಾರ್ಡುಗಳ ಜನಸಂಖ್ಯೆ ಹೆಚ್ಚುಕಡಿಮೆ ಸಮನಾಗಿದೆಯೇ ಎಂಬುದು. ಆಧಾರ 2011ರ ಜನಗಣತಿ, ಮತದಾರರ ಪಟ್ಟಿಯಲ್ಲ. ‘ನಮ್ಮ ವಾರ್ಡಿನಲ್ಲಿ ಇಷ್ಟು ಓಟುಗಳಿವೆ’ ಎಂದು ಬರೆದ ಅರ್ಜಿ ಬಿದ್ದುಹೋಗುವುದು ಇದೇ ಕಾರಣಕ್ಕೆ. 2011ರಲ್ಲಿ ಮೈಸೂರು ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 8.9 ಲಕ್ಷ, 65 ವಾರ್ಡುಗಳಿಗೆ ಹಂಚಿದರೆ ಸರಾಸರಿ 13,700ರ ಆಸುಪಾಸು. ಕರಡಿನಲ್ಲಿ ವಾರ್ಡುಗಳ ಸಂಖ್ಯೆ ಅಥವಾ ಪಾಲಿಕೆಯ ವ್ಯಾಪ್ತಿ ಬದಲಾಗಿದ್ದರೆ ಈ ಸರಾಸರಿಯನ್ನು ಹೊಸದಾಗಿ ತೆಗೆಯಬೇಕು. ನಗರದ ಅಂಚಿನ ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದ ಕಡೆಯವರು ಒಂದು ವಿಷಯ ಗಮನಿಸಿ: 2011ರಲ್ಲಿ ಅಲ್ಲಿ ಇದ್ದದ್ದು ಗ್ರಾಮ ಪಂಚಾಯಿತಿ ಆಡಳಿತ. ಆಗಿನ ಅಂಕಿಗಳನ್ನು ಹಳ್ಳಿಯ ಹೆಸರಿನಲ್ಲೇ ಹುಡುಕಬೇಕು.

ಇಷ್ಟಾದ ಮೇಲೆ ಪರ್ಯಾಯ ಗಡಿ ಹೇಳಬೇಕು. ಅರ್ಜಿಯ ಜೀವಾಳ ಇದೇ, ಹೆಚ್ಚಿನವರು ಕೈಬಿಡುವುದೂ ಇದನ್ನೇ. ಉದಾಹರಣೆಗೆ, ನಿಮ್ಮ ವಾರ್ಡಿನಲ್ಲಿ 16,000 ಜನ, ಪಕ್ಕದ್ದರಲ್ಲಿ 11,500 ಜನ ಎಂದುಕೊಳ್ಳೋಣ. ಗಡಿಗೆ ತಾಗಿದ ನಾಲ್ಕು ಗಣತಿ ಬ್ಲಾಕ್‌ಗಳಲ್ಲಿ (ಜನಗಣತಿಗಾಗಿ ಮಾಡಿಕೊಂಡ ಸಣ್ಣ ವಿಭಾಗಗಳಲ್ಲಿ) ಒಟ್ಟು 2,200 ಜನರಿದ್ದರೆ, ಅವನ್ನು ಪಕ್ಕಕ್ಕೆ ಸೇರಿಸಿದಾಗ 13,800 ಮತ್ತು 13,700 ಆಗುತ್ತದೆ. ಬ್ಲಾಕ್ ಸಂಖ್ಯೆಗಳನ್ನು ಬರೆಯಿರಿ. ಒಂದು ಬ್ಲಾಕನ್ನು ಅರ್ಧಕ್ಕೆ ಕತ್ತರಿಸುವ ಸಲಹೆ ಕೊಡಬೇಡಿ, ಆ ಅರ್ಧದ ಜನಸಂಖ್ಯೆಯನ್ನು ದಾಖಲೆಯಿಂದ ತೋರಿಸಲಾಗದು. ಹೊಸ ಗಡಿ ರೈಲು ಹಳಿ, ರಾಜಕಾಲುವೆ, ರಿಂಗ್ ರಸ್ತೆ ಅಥವಾ ದೊಡ್ಡ ಮುಖ್ಯರಸ್ತೆಯ ಮೇಲೆ ಹಾದುಹೋದರೆ ವಾದಕ್ಕೆ ಬಲ ಹೆಚ್ಚು. ನಿಮ್ಮ ವಾರ್ಡು ಸರಿಹೋಗಿ ಪಕ್ಕದ್ದು ಕೆಡುವಂತಿದ್ದರೆ ಆ ಸಲಹೆ ನಿಲ್ಲದು.

ಬ್ಲಾಕ್‌ವಾರು ಪಟ್ಟಿಯನ್ನು ಪಾಲಿಕೆಯ ವಲಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಮಾಹಿತಿ ಹಕ್ಕಿನಡಿ 10 ರೂಪಾಯಿಗೆ ಅರ್ಜಿ ಹಾಕಬಹುದು, ಆದರೆ ಉತ್ತರಕ್ಕೆ 30 ದಿನದ ಅವಕಾಶವಿದೆ. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಪಟ್ಟಿ ಸಿಗದಿದ್ದರೆ ಕೇಳಿಯೂ ಕೊಡಲಿಲ್ಲವೆಂದು ಆಕ್ಷೇಪಣೆಯಲ್ಲೇ ದಾಖಲಿಸಿ.

ಅರ್ಜಿ ಎರಡು ಪುಟ ಮೀರದಿರಲಿ. ಅಧಿಸೂಚನೆಯ ಸಂಖ್ಯೆ, ದಿನಾಂಕ, ವಾರ್ಡ್ ಸಂಖ್ಯೆ, ತಪ್ಪು, ಪರ್ಯಾಯ, ಕೊನೆಗೆ ಹೆಸರು, ವಿಳಾಸ, ಸಹಿ. ಗುರುತು ಹಾಕಿದ ನಕ್ಷೆ ಲಗತ್ತಿಸಿ. ಮೀಸಲಾತಿಯ ದೂರನ್ನು ಇದರಲ್ಲಿ ಬೆರೆಸಬೇಡಿ. ಅದರ ಅಧಿಸೂಚನೆ ಬೇರೆಯೇ ಬರುತ್ತದೆ. ಒಂದೇ ಜೆರಾಕ್ಸಿಗೆ ಇನ್ನೂರು ಜನ ಸಹಿ ಹಾಕಿದರೂ ಅಂಕಿ ಇಲ್ಲದಿದ್ದರೆ ತೂಕವಿಲ್ಲ.

ಖುದ್ದಾಗಿ ಕೊಟ್ಟರೆ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಹೊರಡಬೇಡಿ. ಅಂಚೆಯಲ್ಲಾದರೆ ಗಡುವಿನೊಳಗೆ ತಲುಪುವಂತೆ ಮುಂಚೆಯೇ ಕಳಿಸಿ.

ಕರಡಿನ ಹಂತವನ್ನು ಹಗುರವಾಗಿ ನೋಡಬೇಡಿ. ಕ್ಷೇತ್ರ ವಿಂಗಡಣೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದಕ್ಕೆ ಸಂವಿಧಾನದ 243 ಝಡ್‌ಜಿ ವಿಧಿಯೇ ಅಡ್ಡ ನಿಲ್ಲುತ್ತದೆ. ಅಂತಿಮ ಅಧಿಸೂಚನೆ ಬಂದ ಮೇಲೆ ನಿಮ್ಮ ಬೀದಿ ಯಾವ ವಾರ್ಡಿನಲ್ಲಿದೆ ಎಂದು ನೋಡಿ, ಮತದಾರರ ಪಟ್ಟಿಯ ಕರಡಿನಲ್ಲೂ ಅದೇ ವಾರ್ಡಿದೆಯೇ ಎಂದು ತಾಳೆ ಹಾಕಿ.