ಡಿಬಗ್ಗರ್ ತೋರಿಸೋ ಟೈಪ್ ನಿಜಾನಾ? ಪರೀಕ್ಷೆ ಮಾಡೋದು ಹೀಗೆ

ಸಿ ಪ್ಲಸ್ ಪ್ಲಸ್‌ನಲ್ಲಿ ಬೇಸ್ ಕ್ಲಾಸ್ ಪಾಯಿಂಟರ್ ಒಂದನ್ನ ಜಿಡಿಬಿಲಿ (ಓಡ್ತಿರೋ ಪ್ರೋಗ್ರಾಮನ್ನ ನಿಲ್ಸಿ ಒಳಗೆ ನೋಡೋಕೆ ಬಿಡೋ ಡಿಬಗ್ಗರ್) ಪ್ರಿಂಟ್ ಮಾಡಿದ್ರೆ ಅದು ಬೇಸ್ ಕ್ಲಾಸ್ ಹೆಸರನ್ನೇ ಹೇಳುತ್ತೆ, ಒಳಗೆ ಕೂತಿರೋ ಆಬ್ಜೆಕ್ಟ್ ಮಾತ್ರ ಬೇರೆ. ಮೈಸೂರು, ಮಂಡ್ಯ ಕಡೆ ಇಂಜಿನಿಯರಿಂಗ್ ಓದ್ತಿರೋ ಹುಡುಗ್ರು ಹುಡುಗೀರು ಪಾಲಿಮಾರ್ಫಿಸಂ (ಬೇಸ್ ಪಾಯಿಂಟರ್ ಒಂದರಿಂದಲೇ ಬೇರೆ ಬೇರೆ ಟೈಪಿನ ಆಬ್ಜೆಕ್ಟ್ ಬಳಸೋದು) ಪಾಠ ಮುಗಿಸಿ ಲ್ಯಾಬಿಗೆ ಬಂದಾಗ ತಬ್ಬಿಬ್ಬಾಗೋ ಜಾಗ ಇದೇ. ಡಿಬಗ್ಗರ್ ಹೇಳಿದ್ದನ್ನ ನಂಬೋಕ್ ಮುಂಚೆ, ಉತ್ತರ ನಮಗೆ ಮೊದಲೇ ಗೊತ್ತಿರೋ ಪ್ರೋಗ್ರಾಮ್ ಕೊಟ್ಟು ಅದನ್ನೇ ಪರೀಕ್ಷೆ ಮಾಡ್ಬೇಕು.

ಮಂಡ್ಯ ಅಂದ್ಮೇಲೆ ಕಬ್ಬಿಂದಲೇ ಶುರು ಮಾಡೋಣ. 'ಬೆಳೆ' ಅಂತ ಒಂದು ಬೇಸ್ ಕ್ಲಾಸ್, ಅದರಲ್ಲಿ ನೀರಿನ ಲೆಕ್ಕ ಹಾಕೋ ಒಂದು ವರ್ಚುವಲ್ ಫಂಕ್ಷನ್, ಅಂದ್ರೆ ಆಬ್ಜೆಕ್ಟಿನ ನಿಜವಾದ ಟೈಪ್ ನೋಡಿ ಓಡೋ ಫಂಕ್ಷನ್. 'ರಾಗಿ' ಬೆಳೆಯಿಂದ ಮಾತ್ರ ಹುಟ್ಲಿ. 'ಕಬ್ಬು' ಫ್ಯಾಕ್ಟರಿಗೆ ಹೋಗಿ ತೂಕಕ್ಕೆ ನಿಲ್ಲೋದ್ರಿಂದ 'ಬೆಳೆ', 'ತೂಕ' ಎರಡರಿಂದಲೂ ಹುಟ್ಲಿ, ತೂಕದಲ್ಲೂ ಒಂದು ವರ್ಚುವಲ್ ಫಂಕ್ಷನ್ ಇರ್ಲಿ. ಹೆಸರುಗಳನ್ನ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ಕಂಪೈಲ್ ಮಾಡುವಾಗ ಡಿಬಗ್ ಮಾಹಿತಿ ಸೇರಿಸೋ ಹೈಫನ್ ಜಿ ಹಾಕಿ, ಆಪ್ಟಿಮೈಸೇಷನ್ ಸೊನ್ನೆಗಿಡಿ, ಇಲ್ಲಾಂದ್ರೆ ನೋಡ್ಬೇಕಾದ ವೇರಿಯಬಲ್ಲೇ ಮಾಯ ಆಗಿರುತ್ತೆ.

ಈಗ ಬೆಳೆ ಪಾಯಿಂಟರ್‌ಗೆ ಒಂದು ಕಬ್ಬು ಆಬ್ಜೆಕ್ಟ್ ಕೊಟ್ಟು ಅಲ್ಲೇ ನಿಲ್ಸಿ, ಸ್ಟಾರ್ ಹಾಕಿ ಪ್ರಿಂಟ್ ಮಾಡಿ. ಬೆಳೆ ಭಾಗ ಅಷ್ಟೇ ಕಾಣುತ್ತೆ, ಆದ್ರೆ ವಿಪಿಟಿಆರ್ (ಕ್ಲಾಸಿನ ವರ್ಚುವಲ್ ಫಂಕ್ಷನ್ ಪಟ್ಟಿಗೆ, ಅಂದ್ರೆ ವಿಟೇಬಲ್ಲಿಗೆ ತೋರಿಸೋ ಪಾಯಿಂಟರ್) ಸಾಲನ್ನ ಗಮನ ಇಟ್ಟು ಓದಿ, ಅಲ್ಲಿ 'ವಿಟೇಬಲ್ ಫಾರ್ ಕಬ್ಬು ಪ್ಲಸ್ 16' ಅಂತ ಇರುತ್ತೆ, ಅಂದ್ರೆ ಗುಟ್ಟು ಆಗ್ಲೇ ರಟ್ಟಾಗಿದೆ. 16 ಯಾಕಂದ್ರೆ 64 ಬಿಟ್ ಲಿನಕ್ಸಲ್ಲಿ ಫಂಕ್ಷನ್ ವಿಳಾಸಗಳಿಗೆ ಮುಂಚೆ 8 ಬೈಟ್‌ನ ಎರಡು ಮನೆ ಇರುತ್ತೆ, ಒಂದರಲ್ಲಿ ಆಬ್ಜೆಕ್ಟಿನ ತಲೆ ಎಷ್ಟು ದೂರ ಅನ್ನೋ ಆಫ್‌ಸೆಟ್, ಇನ್ನೊಂದರಲ್ಲಿ ಟೈಪಿನ ವಿವರಕ್ಕೆ ತೋರಿಸೋ ಟೈಪ್ ಇನ್ಫೋ ಪಾಯಿಂಟರ್. ಆಮೇಲೆ 'ಸೆಟ್ ಪ್ರಿಂಟ್ ಆಬ್ಜೆಕ್ಟ್ ಆನ್' ಕೊಡಿ, ಇದು ಡಿಫಾಲ್ಟ್ ಆಗಿ ಆಫ್ ಇರುತ್ತೆ. ಮತ್ತೆ ಪ್ರಿಂಟ್, ಟೈಪ್ ಹೇಳೋ 'ವಾಟೀಸ್', 'ಪಿಟೈಪ್' ಮೂರನ್ನೂ ಓಡ್ಸಿ, ಮೂರರಲ್ಲೂ ಕಬ್ಬು ಅಂತ ಕಾಣ್ಬೇಕು.

ಇಷ್ಟಕ್ಕೇ ನಿಲ್ಲಿಸ್ಬೇಡಿ, ಕಷ್ಟದ್ದು ಮುಂದೆ ಇದೆ. ಅದೇ ಕಬ್ಬನ್ನ ತೂಕ ಪಾಯಿಂಟರ್‌ಗೆ ಕೊಡಿ, ಅದು ಆಬ್ಜೆಕ್ಟಿನ ತಲೆಗಲ್ಲ, ಮಧ್ಯಕ್ಕೆ ಕೈ ತೋರಿಸ್ತಿರುತ್ತೆ. ಜಿಡಿಬಿ ಆ ಆಫ್‌ಸೆಟ್ ಓದಿ ಹಿಂದಕ್ಕೆ ಹೋಗಿ ಪೂರ್ತಿ ಕಬ್ಬಿನ ಶುರುವಿನ ವಿಳಾಸ ತೋರಿಸ್ಬೇಕು, ಟೈಪ್ ಸರಿ ಇದ್ದು ವಿಳಾಸ ತಪ್ಪಿದ್ರೆ ಅದನ್ನೂ ಫೇಲ್ ಅಂತಾನೇ ಬರ್ಕೊಳ್ಳಿ.

ಮುಂದಿನ ಪರೀಕ್ಷೆ, ಕನ್‌ಸ್ಟ್ರಕ್ಟರ್ ಒಳಗೆ ನಿಲ್ಸೋದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಕಬ್ಬು ಹುಟ್ಟುವಾಗ ಮೊದ್ಲು ಬೆಳೆಯ ಕನ್‌ಸ್ಟ್ರಕ್ಟರ್ ಓಡುತ್ತೆ, ಆಗ ವಿಪಿಟಿಆರ್ ಬೆಳೆಯ ಟೇಬಲ್ಲಿಗೇ ತೋರಿಸ್ತಿರುತ್ತೆ, ಹಾಗಾಗಿ ಅಲ್ಲಿ 'ದಿಸ್' ಪ್ರಿಂಟ್ ಮಾಡಿದ್ರೆ ಬೆಳೆ ಅಂತ ಬರೋದೇ ಸರಿಯಾದ ಉತ್ತರ, ಕಬ್ಬು ಅಂತ ಬಂದ್ರೇನೇ ತಪ್ಪು. ಬ್ರೇಕ್‌ಪಾಯಿಂಟನ್ನ (ಪ್ರೋಗ್ರಾಮ್ ನಿಲ್ಬೇಕಾದ ಜಾಗ) ಫಂಕ್ಷನ್ ಹೆಸರಿನ ಮೇಲೆ ಹಾಕ್ಬೇಡಿ, ಆ ಕ್ಷಣಕ್ಕೆ ವಿಪಿಟಿಆರ್ ಇನ್ನೂ ಬರೆದೇ ಇರಲ್ಲ, ಕಸ ಕಾಣುತ್ತೆ. ಕನ್‌ಸ್ಟ್ರಕ್ಟರ್ ಒಳಗೆ ಒಂದು ಸಾಲು ಕೋಡ್ ಬರೆದು ಅದರ ಮೇಲೆ ಹಾಕಿ.

ವರ್ಚುವಲ್ ಫಂಕ್ಷನ್ನೇ ಇಲ್ಲದ ಕ್ಲಾಸ್ ಒಂದು ಇರ್ಲಿ, ಅದಕ್ಕೆ ಬರೆದ ಟೈಪೇ ಬರ್ಬೇಕು. ನಲ್ ಪಾಯಿಂಟರ್ ಕೊಟ್ರೆ ಎರರ್ ಇಲ್ದೆ ಬೆಳೆ ಸ್ಟಾರ್, ಸೊನ್ನೆ ಅಂತ ಬರ್ಬೇಕು.

ಮುಂದೆ 'ಭತ್ತ' ಕ್ಲಾಸನ್ನ ಬೇರೆ ಫೈಲಲ್ಲಿ ಬಚ್ಚಿಡಿ, ಮೇನ್‌ಗೆ ಬೆಳೆ ಪಾಯಿಂಟರ್ ಮಾತ್ರ ವಾಪಸ್ ಬರ್ಲಿ, ಆ ಒಂದು ಫೈಲನ್ನ ಹೈಫನ್ ಜಿ ಇಲ್ದೆ ಕಂಪೈಲ್ ಮಾಡಿ. ಆಗ ಜಿಡಿಬಿ 'ಆರ್‌ಟಿಟಿಐ ಸಿಂಬಲ್ ನಾಟ್ ಫೌಂಡ್ ಫಾರ್ ಕ್ಲಾಸ್' (ಆರ್‌ಟಿಟಿಐ ಅಂದ್ರೆ ಪ್ರೋಗ್ರಾಮ್ ಓಡುವಾಗ ಸಿಗೋ ಟೈಪ್ ಮಾಹಿತಿ) ಅಂತ ಭತ್ತದ ಹೆಸರಿನ ಜೊತೆ ವಾರ್ನಿಂಗ್ ಕೊಟ್ಟು ಬೆಳೆ ಅಂತ ತೋರಿಸ್ಬೇಕು. ವಾರ್ನಿಂಗ್ ಬರೋದೂ ಪರೀಕ್ಷೆಯ ಭಾಗವೇ. ಇನ್ನೊಂದ್ ಕಡೆ 'ನೋ ಆರ್‌ಟಿಟಿಐ' ಫ್ಲ್ಯಾಗ್ ಹಾಕಿದ್ರೆ ಟೈಪೇ ಸಿಗಲ್ಲ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಹಾಗಲ್ಲ, ಜಿಸಿಸಿ ಕಂಪೈಲರ್ ಕಟ್ಟಿದ ಪ್ರೋಗ್ರಾಮಲ್ಲಿ ಜಿಡಿಬಿ ನೋಡೋದು ವಿಟೇಬಲ್ ಸಿಂಬಲ್ಲಿನ ಹೆಸರನ್ನ, ಟೈಪ್ ಇನ್ಫೋ ಮನೆಯನ್ನಲ್ಲ, ಹಾಗಾಗಿ ಕಬ್ಬು ಕಬ್ಬಾಗೇ ಕಾಣುತ್ತೆ.

ಪ್ರತಿ ಸಲ ಕೈಯಲ್ಲಿ ಟೈಪ್ ಮಾಡೋದು ಆಗದ ಕೆಲಸ. ಕಮಾಂಡುಗಳನ್ನ ಒಂದು ಫೈಲಲ್ಲಿಟ್ಟು ಬ್ಯಾಚ್ ಮೋಡಲ್ಲಿ ಓಡ್ಸಿ, ಅಥವಾ ಜಿಡಿಬಿ ಒಳಗಿನ ಪೈಥಾನಲ್ಲಿ 'ಡೈನಾಮಿಕ್ ಟೈಪ್' ಅನ್ನೋ ಗುಣ ಓದಿ ಹೋಲಿಸಿ. ಜಿಡಿಬಿ ಕಟ್ಟೋರು ಇದಕ್ಕೆ ಡೆಜಾಗ್ನೂ ಅನ್ನೋ ಪರೀಕ್ಷೆ ಓಡಿಸೋ ಸಾಧನ ಬಳಸ್ತಾರೆ, ಅದರ ಸ್ಕ್ರಿಪ್ಟ್ ಭಾಷೆ ಟಿಸಿಎಲ್, ಸೋರ್ಸ್ ಡೌನ್‌ಲೋಡ್ ಮಾಡಿದ್ರೆ ಟೆಸ್ಟ್‌ಸೂಟ್ ಒಳಗಿನ ಸಿಪಿ ಫೋಲ್ಡರಲ್ಲಿ ಆರ್‌ಟಿಟಿಐಗೇ ಅಂತ ಒಂದು ಫೈಲ್ ಇದೆ, ತೆಗೆದು ಓದಿ. ಹೋಲಿಸುವಾಗ ವಿಳಾಸದ ಅಂಕಿಗಳನ್ನ ಹಾಗೇ ಬರೀಬೇಡಿ, ರೆಗ್ಯುಲರ್ ಎಕ್ಸ್‌ಪ್ರೆಶನ್ ಇಡಿ, ತೂಕದ ಪರೀಕ್ಷೆಲಿ ಮಾತ್ರ ಪ್ರೋಗ್ರಾಮೇ ಕಬ್ಬಿನ ವಿಳಾಸವನ್ನ ಒಂದು ವೇರಿಯಬಲ್ಲಲ್ಲಿ ಇಟ್ಕೊಂಡಿರ್ಲಿ, ಅದರ ಜೊತೆ ಹೋಲಿಸಿ. ಕಂಪೈಲರ್ ವರ್ಶನ್ ಬದಲಾದಾಗ್ಲೆಲ್ಲ ಇದನ್ನೇ ಮತ್ತೆ ಓಡ್ಸಿ, ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರಲ್ಲೂ ಒಂದ್ಸಲ ಕಟ್ಟಿ ನೋಡಿ.