ಬಚ್ಚಲ ಮನೆ ತಾರಸಿಯಲ್ಲಿ ಹೈಡ್ರೋಜನ್ ಸಿಕ್ಕಿತು

"ಅದು ಮೊಬೈಲ್ ಟವರಿನ ಗಲಾಟೆ, ಹೈಡ್ರೋಜನ್ನೂ ಅಲ್ಲ ಎಂಥದೂ ಅಲ್ಲ ಮಾರಾಯ" ಅಂತ ಆರು ತಿಂಗಳು ನಕ್ಕವರು ಈಗ ಹಾರ್ನಿನ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಒಂದೇ ಸಲ ಬರೆದುಬಿಡುತ್ತೇನೆ. ಮನೆಯಲ್ಲೇ ಹಾರ್ನ್, ಅಂದರೆ ಆಲಿಕೆಯ ಹಾಗೆ ಬಾಯಿ ಅಗಲವಾದ ಆಂಟೆನಾ, ಮಾಡಿ ಆಕಾಶಗಂಗೆಯ ಹೈಡ್ರೋಜನ್ನಿನ ರೇಡಿಯೋ ಸಿಗ್ನಲ್ ಹಿಡಿದ ಕಥೆ ಇದು. ಡಾಂಗಲ್ ಅಂದರೆ ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ರಿಸೀವರ್. ಎಲ್‌ಎನ್‌ಎ ಅಂದರೆ ಆಂಟೆನಾಕ್ಕೆ ಸಿಕ್ಕ ಕ್ಷೀಣ ಸಿಗ್ನಲ್ಲನ್ನು ತನ್ನ ಗದ್ದಲ ಹೆಚ್ಚು ಸೇರಿಸದೆ ದೊಡ್ಡದು ಮಾಡುವ ಆಂಪ್ಲಿಫೈಯರ್.

ನಾನು ಸಾಗರದ ಕಡೆಯವನು. ಹದಿನೈದು ವರ್ಷ ಮನೆಮನೆಗೆ ಡಿಶ್ ಕೂರಿಸಿದವನು, ಈಗ ರಿಪೇರಿ ಅಂಗಡಿ ಇದೆ. 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ನಮ್ಮ ಶರಾವತಿ ಹಿನ್ನೀರಲ್ಲಿ 'ಸರಸ್' ಅನ್ನೋ ಆಂಟೆನಾ ತೇಲಿಬಿಟ್ಟಿದ್ದರು. ನೆಲದಲ್ಲಿ ಕಲ್ಲು ಮಣ್ಣು ಒಂದೊಂದು ಕಡೆ ಒಂದೊಂದು ಥರ ಇರುತ್ತೆ, ನೀರಾದರೆ ಆಂಟೆನಾದ ಕೆಳಗೆಲ್ಲ ಒಂದೇ ಸಮ. ಅವರು ಹುಡುಕುತ್ತಿದ್ದದ್ದು ಮೊದಮೊದಲ ನಕ್ಷತ್ರಗಳ ಕಾಲದ ಹೈಡ್ರೋಜನ್. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಪೇಪರ್ ಓದಿ. ಮನೆ ಹತ್ತಿರವೇ ಇಷ್ಟೆಲ್ಲ ನಡೆದು ನಾನು ನೋಡಲಿಲ್ಲವಲ್ಲ ಅನ್ನೋ ಹೊಟ್ಟೆಕಿಚ್ಚಿನಲ್ಲೇ ಶುರು ಮಾಡಿದ್ದು. ಅವರ ಹಳೇ ಹೈಡ್ರೋಜನ್ ನನ್ನ ಕೈಗೆ ಸಿಗೋದಲ್ಲ. ನಮ್ಮ ಆಕಾಶಗಂಗೆಯ ಹೈಡ್ರೋಜನ್ 1420.4 ಮೆಗಾಹರ್ಟ್ಜ್‌ನಲ್ಲಿ ಸೂಸುವ ರೇಡಿಯೋ ಗೆರೆ ಸಿಕ್ಕೀತು ಅಂದುಕೊಂಡೆ.

ಮೊದಲ ಪೆಟ್ಟು ಎಣ್ಣೆ ಡಬ್ಬದಿಂದ. ಹೊರದೇಶದವರು ಪೇಂಟ್ ಥಿನ್ನರ್ ಡಬ್ಬಕ್ಕೆ ಪ್ರೋಬ್ (ಸಿಗ್ನಲ್ ಎತ್ತಿಕೊಳ್ಳುವ ತಂತಿ) ಕೂರಿಸಿ ಫೀಡ್, ಅಂದರೆ ಹಾರ್ನಿನ ಬುಡದ ಪೆಟ್ಟಿಗೆ, ಮಾಡುತ್ತಾರೆ. ಡಬ್ಬ ಅಂದರೆ ಡಬ್ಬ ಅಂತ ನಾನು ಹೋಟೆಲಿನಿಂದ ಹದಿನೈದು ಕೆಜಿಯ ಎಣ್ಣೆ ಡಬ್ಬ ತಂದೆ. ಅದರ ಅಗಲ ಇಪ್ಪತ್ಮೂರು ಸೆಂಟಿಮೀಟರ್ ಮೇಲಿದೆ. ಅಷ್ಟು ಅಗಲಕ್ಕೆ ಬೇಡದ ಮೋಡ್‌ಗಳೂ, ಅಂದರೆ ಬೇರೆ ಬೇರೆ ರೀತಿಯಲ್ಲಿ ಹಬ್ಬುವ ಅಲೆಗಳೂ, ಒಳಗೆ ಓಡಾಡುತ್ತವೆ. ಮೂರು ವಾರ ಹಾಳು. ಕೊನೆಗೆ ಜಿಐ ಶೀಟ್ ತಂದು, ತಗಡಿನ ಕೆಲಸದವನ ಹತ್ತಿರ ಹದಿನಾರೂವರೆಗೆ ಎಂಟೂ ಕಾಲು ಸೆಂಟಿಮೀಟರಿನ ಪೆಟ್ಟಿಗೆ ಮಾಡಿಸಿದೆ. "ಇದಕ್ಕೆ ಎಂತ ತುಂಬಿಸ್ತೀರಿ?" ಅಂತ ಕೇಳಿದ. ಏನೂ ಇಲ್ಲ ಅಂದೆ. ಎಂಟುನೂರು ತಗೊಂಡ.

ಎರಡನೇ ಪೆಟ್ಟು ಜಿಪುಣತನದ್ದು. ಒಂಬೈನೂರು ರೂಪಾಯಿಯ ಡಾಂಗಲ್, ನಾನೂರರ ಎಲ್‌ಎನ್‌ಎ. ಆ ಡಾಂಗಲ್ ಬಿಸಿಯಾದ ಹಾಗೆ ಅದರ ಫ್ರೀಕ್ವೆನ್ಸಿ ಜಾರುತ್ತಿತ್ತು. ಅರವತ್ತು ಪಿಪಿಎಂ (ಹತ್ತು ಲಕ್ಷಕ್ಕೆ ಅರವತ್ತು) ತಪ್ಪು ಅಂದರೆ ಇಲ್ಲಿ ಎಂಬತ್ತೈದು ಕಿಲೋಹರ್ಟ್ಜ್. ಅನಿಲ ನಮ್ಮಿಂದ ದೂರ ಓಡಿದಷ್ಟೂ ಫ್ರೀಕ್ವೆನ್ಸಿ ಇಳಿಯುತ್ತೆ, ಅದರಿಂದಲೇ ಅನಿಲದ ವೇಗ ತಿಳಿಯೋದು. ಆ ಲೆಕ್ಕದಲ್ಲಿ ಸೆಕೆಂಡಿಗೆ ಹದಿನೆಂಟು ಕಿಲೋಮೀಟರ್ ಸುಳ್ಳು. ಎಲ್‌ಎನ್‌ಎಗೆ ಫಿಲ್ಟರೇ ಇರಲಿಲ್ಲ. ಗುಡ್ಡದ ಮೇಲಿನ ಟವರು ಮಾತಾಡಲು ಶುರು ಮಾಡಿದರೆ ಪಾಪ ಅದಕ್ಕೆ ಬೇರೆ ಏನೂ ಕೇಳಿಸುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ನಕ್ಕವರು ಹೇಳಿದ್ದು ಸರಿಯೇ.

ಮೂರನೆಯದು ಹೇಳಲು ನಾಚಿಕೆ. ಒಂದು ರಾತ್ರಿ ಹತ್ತು ನಿಮಿಷ ಸರಾಸರಿ ತೆಗೆದಾಗ ಸರಿಯಾಗಿ 1420.405ರಲ್ಲಿ ಚೂಪಾದ ಮುಳ್ಳೊಂದು ಎದ್ದು ನಿಂತಿತು. ಬೆಳಿಗ್ಗೆ ಎಲ್ಲರಿಗೂ ಚಿತ್ರ ಕಳಿಸಿದೆ, ಮನೆಯಲ್ಲಿ ಪಾಯಸವೂ ಆಯಿತು. ಶಿವಮೊಗ್ಗದ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯ ಒಂದೇ ಮಾತು ಕೇಳಿದ: "ಹಾರ್ನನ್ನು ನೆಲಕ್ಕೆ ಕವುಚಿ ನೋಡಿದ್ಯಾ?" ಕವುಚಿದೆ. ಮುಳ್ಳು ಅಲ್ಲೇ ಇತ್ತು. ಕೇಬಲ್ ಬಿಚ್ಚಿದೆ. ಆಗಲೂ ಇತ್ತು! ಟ್ಯೂನ್ ಮಾಡಿದ ಫ್ರೀಕ್ವೆನ್ಸಿಯ ನಡು ಮಧ್ಯದಲ್ಲಿ ಡಾಂಗಲ್ ತಾನೇ ಹುಟ್ಟಿಸುವ ಮುಳ್ಳದು. ಈಗ ನಾನು ಯಾವತ್ತೂ ಗೆರೆಯ ಮೇಲೆಯೇ ಟ್ಯೂನ್ ಮಾಡಲ್ಲ, ಅರ್ಧ ಮೆಗಾಹರ್ಟ್ಜ್ ಪಕ್ಕಕ್ಕೆ ಇಡುತ್ತೇನೆ.

ಇದರ ನಡುವೆ ಮಂಗಗಳು. ಮೊದಲ ಹಾರ್ನ್ ಥರ್ಮಾಕೋಲ್ ಹಲಗೆಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದ್ದು. ಅಂಗಳದಲ್ಲಿ ಒಂದು ಮಧ್ಯಾಹ್ನ ಬಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ತೋಟದ ತುಂಬ ಬಿಳಿ ಕಾಳು, ಫಾಯಿಲ್ ತುಂಡೊಂದು ಹಲಸಿನ ಮರದ ಮೇಲೆ. 1951ರಲ್ಲಿ ಹಾರ್ವರ್ಡಿನಲ್ಲಿ ಯೂವನ್ ಮತ್ತು ಪರ್ಸೆಲ್ ಈ ಗೆರೆಯನ್ನು ಮೊದಲ ಸಲ ಹಿಡಿದದ್ದು ಕಿಟಕಿಯ ಹೊರಗಿಟ್ಟ ಪ್ಲೈವುಡ್ ಹಾರ್ನಿನಲ್ಲಿ. ಅದರೊಳಗೆ ಮಳೆ ನೀರು ನುಗ್ಗಿತ್ತಂತೆ, ಹುಡುಗರು ಹಿಮದುಂಡೆ ಎಸೆಯುತ್ತಿದ್ದರಂತೆ. ನಮಗೆ ಮಂಗ.

ಈಗಿನ ಹಾರ್ನ್ ಪೂರ್ತಿ ತಗಡಿನದ್ದು. ಬಾಯಿ ಸುಮಾರು ಎಪ್ಪತ್ತೈದಕ್ಕೆ ಅರವತ್ತು ಸೆಂಟಿಮೀಟರ್, ಒಂದು ಸಲಕ್ಕೆ ಅದಕ್ಕೆ ಕಾಣುವ ಆಕಾಶದ ಅಗಲ ಇಪ್ಪತ್ತು ಡಿಗ್ರಿ ಹತ್ತಿರ. ಡಿಸೆಂಬರಿನಲ್ಲಿ ಅಂಗಳ ಅಡಿಕೆಗೆ ಬೇಕು, ಹಾಗಾಗಿ ಬಚ್ಚಲ ಮನೆಯ ತಾರಸಿಗೆ ಹತ್ತಿಸಿ ನೆಟ್ಟಗೆ ಮೇಲೆ ನೋಡುವಂತೆ ಇಟ್ಟೆ. ತಿರುಗಿಸುವ ಗೋಜೇ ಇಲ್ಲ, ಭೂಮಿ ತಿರುಗುತ್ತಲ್ಲ. ಫಿಲ್ಟರ್ ಇರುವ ಎಲ್‌ಎನ್‌ಎ ಪ್ರೋಬಿನ ಬುಡಕ್ಕೇ ಕೂತಿದೆ. ಅಲ್ಲಿಂದ ಕೆಳಗೆ ಹತ್ತು ಮೀಟರ್ ಕೇಬಲ್ ಟಿವಿಯ ಆರ್‌ಜಿ 6, ಏನೂ ತೊಂದರೆ ಇಲ್ಲ. ಪ್ರೋಬ್ ಮನೆ ವೈರಿಂಗಿನ ದಪ್ಪ ತಾಮ್ರದ ತಂತಿ, ಐದು ಸೆಂಟಿಮೀಟರ್ ಆಸುಪಾಸು. ಹಿಂದಿನ ಗೋಡೆಯಿಂದ ಏಳು ಸೆಂಟಿಮೀಟರ್ ಒಳಗೆ ಇಟ್ಟು ಅಲ್ಲಿಂದ ಶುರು ಮಾಡಿ. ಸರಿಯಾದ ಮಿಲಿಮೀಟರ್ ಲೆಕ್ಕ ಹೇಳಲ್ಲ, ಅದಕ್ಕೆ ನನ್ನ ಎರಡು ಭಾನುವಾರ ಹೋಗಿದೆ. ಬಾಯಿಗೆ ಅಡಿಕೆ ಮುಚ್ಚುವ ಪ್ಲಾಸ್ಟಿಕ್ ಬಿಗಿದಿದ್ದೇನೆ. ಅದರ ಮೇಲೆ ಇಬ್ಬನಿ ಕೂತರೆ ನಾಯ್ಸ್ ಏರುತ್ತೆ, ಬೆಳಗಿನ ಜಾವದ ಅಂಕಿ ನಂಬಬೇಡಿ.

ಖರ್ಚು ನೆನಪಿದ್ದಷ್ಟು: ಒಳ್ಳೇ ಡಾಂಗಲ್ ನಾಲ್ಕು ಸಾವಿರ, ಎಲ್‌ಎನ್‌ಎ ಐದೂವರೆ, ತಗಡು ಕೂಲಿ ಸೇರಿ ಎರಡು. ಹಾಳು ಮಾಡಿದ್ದು ಇನ್ನೊಂದು ಏಳೆಂಟು ಸಾವಿರ ಆಗಿರಬಹುದು. ಮನೆಯವಳಿಗೆ ಹೇಳಿದ ಲೆಕ್ಕ ಬೇರೆ.

ಸಾಗರದಲ್ಲಿ ನೆಟ್ಟಗೆ ಮೇಲೆ ನೋಡಿದರೆ ಆಕಾಶದ ನಡುರೇಖೆಯಿಂದ ಹದಿನಾಲ್ಕು ಡಿಗ್ರಿ ಉತ್ತರದ ಭಾಗ ಕಾಣುತ್ತೆ. ಆಕಾಶಗಂಗೆ ಆ ದಾರಿಯನ್ನು ದಿನಕ್ಕೆ ಎರಡು ಸಲ ದಾಟುತ್ತೆ, ಶ್ರವಣ ನಕ್ಷತ್ರದ ಹತ್ತಿರ ಒಮ್ಮೆ, ಆರ್ದ್ರಾ ಹತ್ತಿರ ಒಮ್ಮೆ. ಅಪ್ಪನಿಗೆ ಆರ್ದ್ರಾ ಅಂದರೆ ಜೂನಿನ ಮಳೆ. ನನಗೆ ಡಿಸೆಂಬರಿನ ನಿದ್ದೆಗೇಡು. ಇನ್ನು ಉತ್ತರಾ ನಕ್ಷತ್ರ ಸರಿಯಾಗಿ ನಮ್ಮ ನೆತ್ತಿಯ ಮೇಲೇ ಹೋಗುತ್ತೆ. ಆಗ ಹಾರ್ನಿನ ಮುಂದೆ ಆಕಾಶಗಂಗೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಆ ಹೊತ್ತಿನ ಸ್ಪೆಕ್ಟ್ರಮ್ಮಿನಿಂದ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಅನ್ನೋ ಗ್ರಾಫಿನಿಂದ) ಉಳಿದದ್ದನ್ನೆಲ್ಲ ಭಾಗಿಸಿದರೆ ಫಿಲ್ಟರಿನ ಡೊಂಕು ಮಾಯ, ಹೈಡ್ರೋಜನ್ ಮಾತ್ರ ಉಳಿಯುತ್ತೆ.

ಉಳಿಯಿತು. ಅರ್ಧ ಡೆಸಿಬಲ್ಲಿನಷ್ಟು ದಿಬ್ಬ. ಆರ್ದ್ರಾ ಕಡೆಯದ್ದು ಸಣ್ಣಗೆ, ಒಂದೇ ಗೂನು. ಶ್ರವಣದ ಕಡೆಯದ್ದು ಅಗಲ, ಕಡಿಮೆ ಫ್ರೀಕ್ವೆನ್ಸಿ ಕಡೆಗೆ ಇನ್ನೂರು ಕಿಲೋಹರ್ಟ್ಜ್‌ಗೂ ಜಾಸ್ತಿ ಎಳೆದುಕೊಂಡು, ಎರಡು ಮೂರು ಉಬ್ಬು. ಅಲ್ಲಿ ನಾವು ಆಕಾಶಗಂಗೆಯ ಒಳಸುತ್ತಿನ ಕಡೆ ನೋಡುತ್ತೇವೆ, ಒಂದೊಂದು ಸುತ್ತಿನ ಅನಿಲ ಒಂದೊಂದು ವೇಗದಲ್ಲಿ ನಮ್ಮಿಂದ ದೂರ ಓಡುತ್ತಿರುತ್ತೆ.

ಆದರೂ ಗೆಳೆಯ ಒಪ್ಪಲಿಲ್ಲ. "ರಾತ್ರಿ ಎರಡಕ್ಕೆ ಟವರಿನವರು ಏನಾದ್ರೂ ಮಾಡ್ತಿರ್ತಾರೆ." ನಾನು ವಾದ ಮಾಡದೆ ಕಂಪ್ಯೂಟರನ್ನು ಒಂದು ತಿಂಗಳು ಓಡಲು ಬಿಟ್ಟೆ. ಡಿಸೆಂಬರ್ ಮೊದಲ ದಿನ ಆರ್ದ್ರಾ ದಿಬ್ಬ ಏರಿ ತುದಿ ಮುಟ್ಟಿದ್ದು ರಾತ್ರಿ ಎರಡರ ಸುಮಾರಿಗೆ. ಹದಿನೈದಕ್ಕೆ ಒಂದು ಗಂಟೆ. ತಿಂಗಳ ಕೊನೆಗೆ ಹನ್ನೆರಡು. ದಿನಕ್ಕೆ ನಾಲ್ಕು ನಿಮಿಷ ಬೇಗ, ನಕ್ಷತ್ರಗಳು ನೆತ್ತಿಗೆ ಬರುವ ಹಾಗೇ. ಟವರಿನವರು ಗಡಿಯಾರ ನೋಡಿ ಕೆಲಸ ಮಾಡುತ್ತಾರೆ, ನಕ್ಷತ್ರ ನೋಡಿ ಅಲ್ಲ, ಅಲ್ವಾ? 1930ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನ ಜಾನ್‌ಸ್ಕಿ ತನ್ನ ಆಂಟೆನಾದ ಕೊರಕೊರ ಸದ್ದು ಸೂರ್ಯನದ್ದು ಅಂದುಕೊಂಡು, ಆಮೇಲೆ ಅದು 23 ಗಂಟೆ 56 ನಿಮಿಷಕ್ಕೊಮ್ಮೆ ಬರುತ್ತೆ ಅಂತ ನೋಡಿಯೇ ಆಕಾಶಗಂಗೆಯದ್ದು ಅಂತ ಹೇಳಿದ್ದು. ಅವನಿಗೆ ಸಾಕಾದ ಸಾಕ್ಷಿ ನಮ್ಮ ಗೆಳೆಯನಿಗೂ ಸಾಕಾಯಿತು.

ನಡುನಡುವೆ ಬೇರೆ ಆಟವೂ ಆಡಿದೆ. ಹಳೇ ಡಿಟಿಎಚ್ ಡಿಶ್‌ಗೆ ಸ್ಯಾಟ್‌ಫೈಂಡರ್ (ಸಿಗ್ನಲ್ ಅಳೆಯುವ ಮೀಟರ್) ಸಿಕ್ಕಿಸಿ ಸೂರ್ಯನ ಕಡೆ ತಿರುಗಿಸಿದರೆ ಮೀಟರಿನ ಮುಳ್ಳು ಏರುತ್ತೆ. ಮಾರ್ಚಿನಲ್ಲಿ, ಆಮೇಲೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಶುರುವಿನಲ್ಲಿ ಕೆಲವು ದಿನ ಹಗಲು ಹತ್ತು ನಿಮಿಷ ಟಿವಿ ಹೋಗೋದು ಇದರಿಂದಲೇ, ಸೂರ್ಯ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಎಷ್ಟು ವರ್ಷ ಗಿರಾಕಿಗಳು ಅದಕ್ಕೆ ನನ್ನನ್ನು ಬೈದಿದ್ದಾರೋ! ಗುರುಗ್ರಹದ ಸದ್ದಿಗೆ ಅಂತ 20 ಮೆಗಾಹರ್ಟ್ಜ್ ಡೈಪೋಲ್ ಕಟ್ಟಿ ಎರಡು ಅಡಿಕೆ ಮರಕ್ಕೆ ಎಳೆದೆ. ಸಿಕ್ಕಿದ್ದು ಪಕ್ಕದ ಮನೆಯ ಇನ್ವರ್ಟರ್ ಮತ್ತು ನಮ್ಮನೆಯ ಎಲ್‌ಇಡಿ ಬಲ್ಬು. ಕರೆಂಟ್ ಹೋದ ರಾತ್ರಿ ಮತ್ತೆ ನೋಡಬೇಕು.

ಹೋದ ವಾರ ಆ ಗೆಳೆಯ ಟೇಪು, ಪೆನ್ಸಿಲ್ ಹಿಡಿದು ಬಂದಿದ್ದ. ತಾರಸಿ ಹತ್ತಿ ಹಾರ್ನಿನ ಬಾಯಿ, ಉದ್ದ, ಪೆಟ್ಟಿಗೆ ಎಲ್ಲ ಅಳೆದುಕೊಂಡ. "ಪ್ರೋಬ್ ಎಷ್ಟುದ್ದ ಮಾರಾಯ?" ಅಂದಾಗ ಮಾತ್ರ ಕಾಫಿಗೆ ಹೇಳಿ ಬರ್ತೇನೆ ಅಂತ ಕೆಳಗಿಳಿದೆ.