ನರ್ಸಿಂಗ್ ಓದುವ ಮೊದಲು ಅಸಿಸ್ಟೆಂಟ್ ಕೆಲಸ: ನನ್ನ ಅನುಭವ

ನರ್ಸಿಂಗ್ ಅಸಿಸ್ಟೆಂಟ್ ಕೆಲಸ ಎಂದರೆ ಬೆಡ್‌ಪ್ಯಾನ್ ಕೊಡುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಎಂದಷ್ಟೇ ತಿಳಿದು ಸೇರಿದರೆ ವರ್ಷ ಕಳೆದರೂ ಓದಿಗೆ ಏನೂ ದಕ್ಕುವುದಿಲ್ಲ. ರೋಗಿಯ ಮೈಯನ್ನು ದಿನಕ್ಕೆ ಹತ್ತಾರು ಸಲ ಹತ್ತಿರದಿಂದ ನೋಡುವ ಅವಕಾಶ ಡಾಕ್ಟರಿಗೂ ಇಲ್ಲ, ನರ್ಸಿಗೂ ಅಷ್ಟಿಲ್ಲ, ಅಸಿಸ್ಟೆಂಟಿಗೆ ಇದೆ. ಆ ನೋಟವನ್ನು ಪಳಗಿಸಿಕೊಳ್ಳುವುದನ್ನೇ ನಾನು ಮುಖ್ಯವಾಗಿ ಹಿಡಿದುಕೊಂಡೆ.

ಮಗ್ಗುಲು ಬದಲಿಸುವುದನ್ನೇ ತೆಗೆದುಕೊಳ್ಳಿ. ತಾನಾಗಿ ಹೊರಳಲಾಗದ ರೋಗಿಗೆ ಬೆಡ್‌ಸೋರ್ (ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣು) ಆಗದಿರಲೆಂದು ಸಾಮಾನ್ಯವಾಗಿ 2 ಗಂಟೆಗೊಮ್ಮೆ ಹೊರಳಿಸುತ್ತೇವೆ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಪಕ್ಕದ ಮೂಳೆಯ ಮೇಲೆ ಬೀಳುತ್ತದೆ. ಅದಕ್ಕೇ ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಮಾತ್ರ ಓರೆ ಮಾಡುವುದು. ಹಿಮ್ಮಡಿಯ ಕೆಳಗೆ ದಿಂಬಿಡಬಾರದು. ಮೀನಖಂಡದ ಕೆಳಗಿಟ್ಟರೆ ಹಿಮ್ಮಡಿ ಹಾಸಿಗೆಗೆ ತಾಗದೆ ಮೇಲೆ ನಿಲ್ಲುತ್ತದೆ. ರೋಗಿಯನ್ನು ತಲೆದಿಂಬಿನ ಕಡೆಗೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯುವವರೇ ಹೆಚ್ಚು. ಹಾಗೆ ಎಳೆದರೆ ಚರ್ಮ ಹಾಸಿಗೆಗೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮೂಳೆ ಮಾತ್ರ ಜರುಗುತ್ತದೆ, ನಡುವಿನ ಸಣ್ಣ ರಕ್ತನಾಳಗಳು ತಿರುಚಿಕೊಳ್ಳುತ್ತವೆ. ಇಬ್ಬರು ನಿಂತು, ಕೆಳಗೆ ಹಾಸಿದ ಅಡ್ಡ ಬಟ್ಟೆಯನ್ನು ಹಿಡಿದು ಎತ್ತಿಯೇ ಸರಿಸಬೇಕು.

ಹೊರಳಿಸಿದಾಗಲೆಲ್ಲ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ ಇಷ್ಟನ್ನೂ ನೋಡಿ. ಕೆಂಪಾದ ಜಾಗವಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಇನ್ನೂ ಹರಿಯುತ್ತಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಬೆಡ್‌ಸೋರ್ ಶುರುವಾಗಿದೆ ಎಂದೇ ತಿಳಿದು ತಕ್ಷಣ ನರ್ಸಿಗೆ ಹೇಳಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಅಲ್ಲಿ ಕೈಯೇ ಕಣ್ಣು: ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೆ, ಗಟ್ಟಿಯಾಗಿದೆಯೆ, ಮೆತ್ತಗಾಗಿದೆಯೆ ಎಂದು ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕಿ ಮಸಾಜ್ ಮಾಡಲೇಬಾರದು, ಒಳಗಿನ ಪೆಟ್ಟು ಹೆಚ್ಚುತ್ತದೆ.

ಬಿಪಿ ನೋಡುವಾಗಿನ ತಪ್ಪುಗಳು ಸಣ್ಣವು, ಆದರೆ ಆ ಅಂಕಿಯನ್ನು ನಂಬಿ ಔಷಧಿ ಬದಲಾಗುತ್ತದೆ. ದಪ್ಪ ತೋಳಿಗೆ ಸಣ್ಣ ಕಫ್ (ತೋಳಿಗೆ ಸುತ್ತಿ ಗಾಳಿ ತುಂಬುವ ಪಟ್ಟಿ) ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೂ, ರೋಗಿ ಮಾತನಾಡುತ್ತಿದ್ದರೂ, ಮೂತ್ರ ಕಟ್ಟಿಕೊಂಡಿದ್ದರೂ ಅಷ್ಟೆ. ಬಟ್ಟೆಯ ಮೇಲೆ ಕಫ್ ಕಟ್ಟದೆ, 5 ನಿಮಿಷ ಸುಮ್ಮನೆ ಕೂರಿಸಿ ಆಮೇಲೆ ನೋಡುವುದು ನನ್ನ ರೂಢಿ. ಡಯಾಲಿಸಿಸ್‌ಗೆಂದು ಫಿಸ್ಟುಲಾ (ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಜೋಡಿಸಿದ್ದು) ಮಾಡಿದ ಕೈಗೆ ಕಫ್ ಕಟ್ಟಲೇಬಾರದು. ಉಸಿರು ಎಣಿಸುತ್ತಿದ್ದೇನೆ ಎಂದು ರೋಗಿಗೆ ಹೇಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಪಲ್ಸ್ ನೋಡಿ ಮುಗಿದ ಮೇಲೂ ಮಣಿಕಟ್ಟಿನ ಮೇಲೆ ಬೆರಳು ಹಾಗೇ ಇಟ್ಟುಕೊಂಡು, ಎದೆಯ ಏರಿಳಿತವನ್ನು ಪೂರ್ತಿ 1 ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವವರಿದ್ದಾರೆ; ಒಂದು ಉಸಿರು ತಪ್ಪಿದರೆ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ.

ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗದಿರಲಿ. ಸ್ಟ್ರೆಚರಿಗೆ ಸಾಗಿಸುವಾಗ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲಿಡುವುದನ್ನು ಎಲ್ಲೆಡೆ ಕಾಣುತ್ತೇವೆ. ಹಾಗಿಟ್ಟರೆ ಹಳೆಯ ಮೂತ್ರ ವಾಪಸು ಒಳಗೆ ಹರಿದು ಸೋಂಕಾಗಬಹುದು. ಅಳೆಯುವಾಗ ಬ್ಯಾಗಿನ ಗೆರೆ ನಂಬದೆ ಅಳತೆಯ ಜಾಡಿಗೆ ಸುರಿದು, ಸಮತಟ್ಟಾದ ಕಡೆ ಇಟ್ಟು, ಬಗ್ಗಿ ಕಣ್ಣಿನ ಮಟ್ಟದಲ್ಲಿ ಓದಿ. ವಯಸ್ಕರಲ್ಲಿ ಗಂಟೆಗೆ ಸುಮಾರು 30 ಮಿ.ಲೀ.ಗಿಂತ ಕಡಿಮೆ ಬರುತ್ತಿದ್ದರೆ ಡ್ಯೂಟಿ ಮುಗಿಯುವವರೆಗೆ ಕಾಯುವ ಮಾತೇ ಇಲ್ಲ. ಹೇಳುವಾಗಲೂ ‘ಯೂರಿನ್ ಕಮ್ಮಿ ಇದೆ’ ಎಂದರೆ ಸಾಲದು. ‘4 ಗಂಟೆಯಲ್ಲಿ 80 ಮಿ.ಲೀ., ಬಣ್ಣ ಗಾಢವಾಗಿದೆ’ ಎನ್ನಿ, ನರ್ಸ್ ಕೂಡಲೇ ಎದ್ದು ಬರುತ್ತಾರೆ.

ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಆಮೇಲೂ ಕನಿಷ್ಠ 30 ನಿಮಿಷ ಹಾಗೇ ಇರಿಸಬೇಕು, ಇಲ್ಲದಿದ್ದರೆ ಅನ್ನಕಣ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಆದರೆ ಹಾಸಿಗೆಯ ತಲೆಭಾಗ ಎತ್ತರವಿದ್ದಷ್ಟೂ ರೋಗಿ ಕೆಳಕ್ಕೆ ಜಾರುತ್ತಾರೆ, ಬೆನ್ನಿನ ಕೆಳಭಾಗ ಉಜ್ಜುತ್ತದೆ. ಒಂದನ್ನು ತಪ್ಪಿಸಲು ಹೋಗಿ ಇನ್ನೊಂದನ್ನು ತಂದುಕೊಳ್ಳದ ಹಾಗೆ ಹೊತ್ತು ನೋಡಿ ತಲೆಭಾಗ ಇಳಿಸಬೇಕು. ನರ್ಸಿಂಗ್ ಪರೀಕ್ಷೆಯಲ್ಲಿ ಕೇಳುವುದೂ ಇಂಥದ್ದನ್ನೇ: ನಾಲ್ಕೂ ಉತ್ತರ ಸರಿಯೆನ್ನಿಸುತ್ತವೆ, ಮೊದಲು ಮಾಡಬೇಕಾದದ್ದು ಯಾವುದು?

ಅಸಿಸ್ಟೆಂಟ್ ಆಗಿದ್ದು ಬಂದವರು ಎಡವುವುದೂ ಇಲ್ಲೇ. ಹೇಳಿದ್ದನ್ನು ಚಕಚಕನೆ ಮಾಡಿ ಮುಗಿಸುವ ಕೈ ಬಂದಿರುತ್ತದೆ, ‘ಯಾಕೆ’ ಎಂದು ಕೇಳುವ ಅಭ್ಯಾಸ ಬಂದಿರುವುದಿಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ ಒಂದು ನೋಟ್‌ಬುಕ್. ಪ್ರತಿ ಡ್ಯೂಟಿ ಮುಗಿದ ಮೇಲೆ ಒಂದೇ ಪ್ರಶ್ನೆ, ರೋಗಿಯ ಹೆಸರಾಗಲಿ ಬೆಡ್ ನಂಬರಾಗಲಿ ಇಲ್ಲದೆ: ಹೃದಯ ದುರ್ಬಲವಾದವರ ಕಾಲು ಸಂಜೆಗೆ ಯಾಕೆ ಊದುತ್ತದೆ? ಮಲಗಿದವರನ್ನು ಏಕಾಏಕಿ ಎಬ್ಬಿಸಿ ನಿಲ್ಲಿಸಿದರೆ ತಲೆ ಯಾಕೆ ಸುತ್ತುತ್ತದೆ? ಮಾರನೆಯ ಡ್ಯೂಟಿಗೆ ಮುಂಚೆ ಅನಾಟಮಿ, ಫಿಸಿಯಾಲಜಿ ಪುಸ್ತಕದಲ್ಲಿ ಅದರ ಉತ್ತರ ಹುಡುಕಿ ಎರಡು ಸಾಲು ಬರೆದಿಡುವುದು. ಈ ಕೆಲಸಕ್ಕೆ ಜನರಲ್ ಮೆಡಿಸಿನ್ ವಾರ್ಡ್ ಒಳ್ಳೆಯದು, ನಾನಾ ಕಾಯಿಲೆ ಒಂದೇ ಕಡೆ ಸಿಗುತ್ತದೆ. 6 ತಿಂಗಳಿಂದ 1 ವರ್ಷ ಸಾಕು ಎನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಮುಂದೆ ಎಳೆದರೆ ಕೈ ಪಳಗುತ್ತದೆ, ಓದು ದೂರವಾಗುತ್ತದೆ.